ಕವಚಕ್ಕೆ ಯಾವ ಮಂತ್ರ?

ಮಸ್ಕಿಯಲ್ಲಿ ಬಸ್ಸು ಬದಲಿಸಿ ಸಂತೆಕಲ್ಲೂರಿನ ಅಕ್ಕನ ಮನೆ ಸೇರುವಷ್ಟರಲ್ಲಿ ಸಂಜೆಯಾಗಿತ್ತು. ಕೈಕಾಲು ತೊಳೆದುಕೊಂಡು ಚಹಾದ ಕಪ್ಪು ಹಿಡಿದು ಕೂತೆನೋ ಇಲ್ಲವೋ, ಭಾವ ತಮ್ಮ ದೂರಿನ ಗಂಟು ಬಿಚ್ಚಿದರು.

“ನೋಡಪಾ, ನೀನರ ಅವಗ ಒಂದೀಟು ಬುದ್ಧಿ ಹೇಳು. ಎಂಟು ದಿನದಿಂದ ಒಂದ ಸೈತಾನನ ಕೂಡ ಬಡದಾಡಾಕತ್ತಾನ. ಅದು ಸಾಯವಲ್ದು, ಇವ ಏಳವಲ್ಲ. ಪರೀಕ್ಷಿ ಬಂದು ಬಾಗಲದಾಗ ನಿಂತೈತಿ. ಈ ಸರ್ತಿ ಹತ್ತಿ ಬಿಡಿಸಿದ ಮ್ಯಾಲ ಆ ಪೆಟ್ಟಿಗಿ ಮಾರಿ ಕೈ ತೊಳಕೋತೀನಿ.”

ಪೆಟ್ಟಿಗೆ ಎಂದರೆ ಕಂಪ್ಯೂಟರ್. ಮಗನ ಓದಿಗೆಂದು ಹತ್ತಿಯ ದುಡ್ಡಿನಲ್ಲೇ ಕೊಂಡ ಹಳೆಯ ಯಂತ್ರ. ಮಗ ದಿನವೂ ಲಿಂಗಸುಗೂರಿಗೆ ಹೋಗಿಬರುವ ಎರಡನೇ ವರ್ಷದ ಪಿ.ಯು. ವಿಜ್ಞಾನದ ವಿದ್ಯಾರ್ಥಿ. ಒಳಕೋಣೆಯಿಂದಲೇ ಅವನ ಉತ್ತರ ಬಂತು: “ಮಾಮಾ, ನಾ ಆಟ ಆಡಾಕತ್ತಿಲ್ರಿ. ವಿಚಾರ ಮಾಡಾಕತ್ತೀನಿ. ಅಪ್ಪಗ ಹೇಳಿದ್ರ ತಿಳಿಯಂಗಿಲ್ಲ.”

ಇಂಥ ಮಾತು ಇಂದು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಮಗ ವಿಚಾರ ಮಾಡುತ್ತಿದ್ದಾನೋ, ಸುಮ್ಮನೆ ಗುಂಡಿ ಒತ್ತುತ್ತಿದ್ದಾನೋ ಎಂದು ತಿಳಿಯುವುದು ಹೇಗೆ? ಹತ್ತಿರ ಕೂತು ನೋಡದೆ ಬೇರೆ ದಾರಿಯಿಲ್ಲ. ಚಹಾ ಮುಗಿಸಿ ನಾನೂ ಒಳಕ್ಕೆ ಹೋದೆ. ಭಾವ ಬಾಗಿಲಲ್ಲಿ ನಿಂತರು.

ಮಂತ್ರಿಸುವ ಮೇಜು

ಅವನು ಆಡುತ್ತಿದ್ದ ಆಟ ‘ಸ್ಕೈರಿಮ್’. ‘ದಿ ಎಲ್ಡರ್ ಸ್ಕ್ರೋಲ್ಸ್’ ಎಂಬ ಮಾಲಿಕೆಯ ಐದನೆಯದು. ಅಮೆರಿಕದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ತಯಾರಿಸಿದ್ದು, 2011ರ ನವೆಂಬರ್ 11ರಂದು ಬಿಡುಗಡೆಯಾದದ್ದು. ಹಳೆಯದಾದ್ದರಿಂದಲೇ ಭಾವನ ಮನೆಯ ಯಂತ್ರದ ಮೇಲೂ ಅದು ಓಡುತ್ತದೆ. ಇಂಥವನ್ನು ‘ರೋಲ್ ಪ್ಲೇಯಿಂಗ್’ ಆಟಗಳೆನ್ನುತ್ತಾರೆ. ಬಯಲಾಟದಲ್ಲಿ ವೇಷ ಕಟ್ಟಿದ ಹಾಗೆ ಆಡುವವನು ಒಂದು ಪಾತ್ರವನ್ನು ತೊಡುತ್ತಾನೆ. ವ್ಯತ್ಯಾಸವೆಂದರೆ ಇಲ್ಲಿ ಕಥೆ ಯಾವ ದಾರಿ ಹಿಡಿಯಬೇಕೆಂಬುದು ಬಹುಮಟ್ಟಿಗೆ ಅವನದೇ ಆಯ್ಕೆ. ಈ ಬಗೆಯ ಆಟಗಳ ಮೂಲಪುರುಷ 1974ರಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅದಕ್ಕೆ ಕಂಪ್ಯೂಟರೂ ಬೇಕಿರಲಿಲ್ಲ. ಕಾಗದ, ಪೆನ್ಸಿಲ್, ದಾಳ ಇದ್ದರೆ ಸಾಕಿತ್ತು.

ಸ್ಕೈರಿಮ್‌ನಲ್ಲಿ ವೀರನು ಶಿರಸ್ತ್ರಾಣ, ಎದೆಗವಚ, ಕೈಗವಸು, ಬೂಟು ತೊಡುತ್ತಾನೆ. ಕೊರಳಿಗೊಂದು ಸರ, ಬೆರಳಿಗೊಂದು ಉಂಗುರ. ಬೇಕಿದ್ದರೆ ಗುರಾಣಿ. ನಮ್ಮ ಹುಡುಗನ ವೀರ ಎರಡೂ ಕೈಯಲ್ಲಿ ಹಿಡಿಯುವ ದೊಡ್ಡ ಖಡ್ಗದವನಾದ್ದರಿಂದ ಗುರಾಣಿ ಇಲ್ಲ. ಹಾಗಾಗಿ ಮೈಮೇಲೆ ಆರು ಜಾಗ. ಒಂದೊಂದು ಜಾಗದ ವಸ್ತುವಿಗೂ ಒಂದೊಂದು ಶಕ್ತಿಯನ್ನು ತುಂಬಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಎನ್‌ಚಾಂಟ್‌ಮೆಂಟ್ ಎಂಬ ಹೆಸರು. ನಮಗೆ ಹೊಸ ಪದ ಬೇಕಿಲ್ಲ. ತಾಯಿತ ಮಂತ್ರಿಸುವುದು, ಲಿಂಬೆಹಣ್ಣು ಮಂತ್ರಿಸುವುದು ಎನ್ನುತ್ತೇವಲ್ಲ, ಅದೇ.

ಆದರೆ ಈ ಮಂತ್ರ ಪುಕ್ಕಟೆ ಅಲ್ಲ. ಒಂದು ಮಂತ್ರವನ್ನು ಕಲಿಯಬೇಕಾದರೆ ಅದು ಈಗಾಗಲೇ ಇರುವ ಒಂದು ವಸ್ತುವನ್ನು ಮೇಜಿನ ಮೇಲಿಟ್ಟು ಹಾಳುಮಾಡಬೇಕು. ಚೆಂದದ ಉಂಗುರ ಹೋಗುತ್ತದೆ, ವಿದ್ಯೆ ಉಳಿಯುತ್ತದೆ. ಆಮೇಲೆ ಪ್ರಯೋಗಿಸಲು ಆತ್ಮಮಣಿ ಎಂಬ ಹರಳು ಬೇಕು. ಮಣಿಯಲ್ಲಿ ಹಿಡಿದಿಟ್ಟ ಜೀವ ದೊಡ್ಡದಾದಷ್ಟೂ ಮಂತ್ರ ಗಟ್ಟಿ. ದೊಡ್ಡ ಮಣಿಗಳು ಸುಲಭಕ್ಕೆ ಸಿಗುವುದಿಲ್ಲ. ಇನ್ನೂ ಒಂದು ನಿಯಮವಿದೆ, ಅದೇ ಎಲ್ಲಕ್ಕಿಂತ ಮುಖ್ಯ: ಒಮ್ಮೆ ಮಂತ್ರಿಸಿದ ವಸ್ತುವಿನಿಂದ ಆ ಮಂತ್ರವನ್ನು ಕಿತ್ತು ಬೇರೊಂದನ್ನು ಕೂರಿಸಲು ಬರುವುದಿಲ್ಲ. ಮಂತ್ರವಿದ್ಯೆಯಲ್ಲಿ 100 ಅಂಕ ಮುಟ್ಟಿ ವಿಶೇಷ ಪರಿಣತಿಯೊಂದನ್ನು ಪಡೆದವನು ಒಂದೇ ವಸ್ತುವಿಗೆ ಎರಡು ಮಂತ್ರ ಕೂರಿಸಬಲ್ಲ. ನಮ್ಮ ಹುಡುಗ ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಅವನಿಗೆ ಒಂದು ಜಾಗಕ್ಕೆ ಒಂದೇ.

ಯಾವ ಮಂತ್ರ ಎಲ್ಲಿ ಕೂರುತ್ತದೆ ಎಂಬುದಕ್ಕೂ ಕಟ್ಟುಪಾಡಿದೆ. ಹೆಜ್ಜೆ ಸದ್ದಡಗಿಸುವ ಮಂತ್ರ ಬೂಟಿಗೆ ಮಾತ್ರ. ಬೆಂಕಿಯನ್ನು ತಡೆಯುವ ಮಂತ್ರ ಬೂಟು, ಸರ, ಉಂಗುರ, ಗುರಾಣಿಗಳಿಗೆ ಹತ್ತುತ್ತದೆ; ಎದೆಗವಚಕ್ಕೆ ಹತ್ತುವುದಿಲ್ಲ. ಎಲ್ಲ ಬಗೆಯ ಮಾಂತ್ರಿಕ ಏಟನ್ನೂ ತಡೆಯುವ ಮಂತ್ರ ಸರ, ಉಂಗುರ, ಗುರಾಣಿಗೆ ಮಾತ್ರ. ಶಾಲೆಯ ವೇಳಾಪಟ್ಟಿ ಮಾಡುವ ಮೇಷ್ಟ್ರಿಗೆ ಈ ಕಷ್ಟ ಗೊತ್ತು. ಗುರುವಾರ ಮಾತ್ರ ಬರುವ ಸಂಗೀತದ ಮೇಷ್ಟ್ರಿಗೆ ಮೊದಲು ಗುರುವಾರದಲ್ಲಿ ಜಾಗ ಹಿಡಿಯಬೇಕು. ಎಲ್ಲ ದಿನವೂ ಸಿಗುವವರನ್ನು ಆಮೇಲೆ ಎಲ್ಲಿ ಬೇಕಾದರೂ ಕೂರಿಸಬಹುದು.

ತುಂಬಿದ ಕೊಡಕ್ಕೆ ನೀರು

ಎಂಟು ದಿನ ಕಾಡಿದ ಸೈತಾನ ಯಾರೆಂದು ನೋಡಿದೆ. ‘ಡ್ರ್ಯಾಗನ್ ಪ್ರೀಸ್ಟ್’ ಎಂಬ ಮುಖವಾಡದ ಮಾಂತ್ರಿಕ. ನೆಲದಿಂದ ಒಂದು ಗೇಣು ಮೇಲೆ ತೇಲುತ್ತ ಬೆಂಕಿಯುಂಡೆಗಳನ್ನು ಎಸೆಯುತ್ತಾನೆ. ಹುಡುಗ ಖಡ್ಗ ಎತ್ತಿ ಓಡುತ್ತಾನೆ, ದಾರಿಯಲ್ಲೇ ಸುಟ್ಟುಬೀಳುತ್ತಾನೆ. ಮತ್ತೆ ಮೊದಲಿನಿಂದ. ನನ್ನೆದುರಿಗೇ ನಾಲ್ಕು ಸಲ ಸತ್ತ.

“ಮೈಮೇಲೆ ಏನೇನು ಮಂತ್ರ ಹಾಕಿದ್ದೀಯಾ, ತೋರಿಸು” ಎಂದೆ.

ತೋರಿಸಿದ. ಎದೆಗವಚ, ಕೈಗವಸು, ಸರ, ಉಂಗುರ, ನಾಲ್ಕಕ್ಕೂ ಒಂದೇ: ಭಾರಿ ಕವಚದ ಕೌಶಲ ಹೆಚ್ಚಿಸುವ ಮಂತ್ರ. “ಯಾಕೆ?” ಎಂದರೆ, “ಯೂಟ್ಯೂಬಿನ್ಯಾಗ ಇದ ಬೆಸ್ಟ್ ಅಂತ ಹೇಳ್ಯಾರ್ರಿ” ಎಂದ.

ಅವನ ಕವಚಾಂಕ 640 ಇತ್ತು. ನೋಡಲು ಭರ್ಜರಿ. ಈಗ ಆಟದ ಲೆಕ್ಕ ಕೇಳಿ. ತೆರೆಯ ಮೇಲೆ ಕಾಣುವ ಕವಚಾಂಕದ ಪ್ರತಿ ಅಂಕವೂ ಖಡ್ಗ, ಬಾಣಗಳ ಏಟನ್ನು ಶೇಕಡಾ 0.12ರಷ್ಟು ಕಡಿಮೆ ಮಾಡುತ್ತದೆ. ಇದಲ್ಲದೆ ಶಿರಸ್ತ್ರಾಣ, ಎದೆಗವಚ, ಕೈಗವಸು, ಬೂಟು ಒಂದೊಂದಕ್ಕೂ ತೆರೆಯ ಮೇಲೆ ಕಾಣದ 25 ಅಂಕ ಸೇರುತ್ತದೆ. ಆದರೆ ಒಟ್ಟು ರಕ್ಷಣೆ ಶೇಕಡಾ 80ಕ್ಕೆ ನಿಲ್ಲುತ್ತದೆ. ನಾಲ್ಕೂ ತೊಟ್ಟವನು ಈ ಎಲ್ಲೆಯನ್ನು 567ರಲ್ಲೇ ಮುಟ್ಟುತ್ತಾನೆ. ಅದರ ಮೇಲಿನ 73 ಅಂಕವೂ ತುಂಬಿದ ಕೊಡಕ್ಕೆ ಸುರಿದ ನೀರು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಕವಚಾಂಕ ತಡೆಯುವುದು ಕಬ್ಬಿಣದ ಏಟನ್ನು ಮಾತ್ರ. ಮಾಂತ್ರಿಕನ ಬೆಂಕಿ, ಹಿಮ, ಸಿಡಿಲುಗಳಿಗೆ ಅದು ಲೆಕ್ಕಕ್ಕೇ ಇಲ್ಲ. 640 ಇದ್ದರೂ ಅಷ್ಟೇ, ಸೊನ್ನೆ ಇದ್ದರೂ ಅಷ್ಟೇ. ಬೆಂಕಿ ಎಸೆಯುವವನ ಎದುರು ಹುಡುಗ ಬರಿಮೈಯಲ್ಲಿ ನಿಂತಿದ್ದ. ಮಾಂತ್ರಿಕ ಏಟನ್ನು ತಡೆಯುವ ಮಂತ್ರ ಕೂರುವುದು ಸರ ಮತ್ತು ಉಂಗುರದಲ್ಲಿ. ಆ ಎರಡು ಜಾಗಗಳನ್ನೇ ಅವನು ಬೇಡದ್ದಕ್ಕೆ ಕೊಟ್ಟು ಕೂತಿದ್ದ.

“ಸರ, ಉಂಗುರ ಎರಡೂ ತೆಗೆದು ನೋಡು” ಎಂದೆ. ತೆಗೆದ. ಕವಚಾಂಕ 576ಕ್ಕೆ ಇಳಿಯಿತು. ಇನ್ನೂ ಎಲ್ಲೆಯ ಮೇಲೆಯೇ! ಹುಡುಗ ನನ್ನ ಮುಖ ನೋಡಿದ. ಬಾಗಿಲಲ್ಲಿ ನಿಂತಿದ್ದ ಭಾವ ಒಂದು ಹೆಜ್ಜೆ ಒಳಗೆ ಬಂದರು.

ಹಳೆಯ ಕವಚಗಳ ಕಥೆ

ಇದನ್ನೆಲ್ಲ ಪಶ್ಚಿಮದ ಮಕ್ಕಳಾಟವೆಂದು ತಳ್ಳಿಹಾಕುವ ಮುನ್ನ ನಮ್ಮ ಮಾತನ್ನೇ ಸ್ವಲ್ಪ ಗಮನಿಸಿ. ಕನ್ನಡದಲ್ಲಿ ‘ಕವಚ’ ಎಂದರೆ ಯೋಧ ತೊಡುವ ಉಕ್ಕಿನ ಅಂಗಿಯೂ ಹೌದು, ರಕ್ಷಣೆಗೆಂದು ಪಠಿಸುವ ಸ್ತೋತ್ರವೂ ಹೌದು. ನಾರಾಯಣ ಕವಚ, ದೇವೀ ಕವಚ ಎಂಬ ಹೆಸರುಗಳು ಮನೆಮನೆಗೂ ಗೊತ್ತು. ಲೋಹ ಮತ್ತು ಮಂತ್ರ ಎರಡನ್ನೂ ಒಂದೇ ಪದದಲ್ಲಿ ಇಟ್ಟುಕೊಂಡವರು ನಾವು.

ಇಂಥ ಅಂಗಿಗಳು ನಿಜಕ್ಕೂ ಇದ್ದವು. ಸುಲ್ತಾನರ ಕಾಲದ ಭಾರತದಲ್ಲಿ, 15 ಮತ್ತು 16ನೇ ಶತಮಾನಗಳಲ್ಲಿ, ಹತ್ತಿಬಟ್ಟೆಯ ಅಂಗಿಯ ಮೇಲೆ ಕುರಾನಿನ ವಚನಗಳನ್ನು ಅತಿ ಸಣ್ಣ ಅಕ್ಷರಗಳಲ್ಲಿ ತುಂಬಿ ಬರೆಯುತ್ತಿದ್ದರು. ಯುದ್ಧಕ್ಕೆ ಹೋಗುವವರು ರಕ್ಷಣೆಗೆಂದು ಇವನ್ನು ಕವಚದ ಒಳಗೆ ತೊಡುತ್ತಿದ್ದರೆಂದು ತಿಳಿದವರು ಹೇಳುತ್ತಾರೆ. ಅಂಥದೊಂದು ಅಂಗಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

ಕರ್ಣನ ಕಥೆಯನ್ನು ಈ ಕಣ್ಣಿನಿಂದ ಇನ್ನೊಮ್ಮೆ ನೋಡಿ. ಅವನಿಗೆ ಕವಚ ಹುಟ್ಟಿನಿಂದಲೇ ಬಂದದ್ದು. ಬ್ರಾಹ್ಮಣನ ವೇಷದಲ್ಲಿ ಬಂದ ಇಂದ್ರನಿಗೆ ಅದನ್ನು ಕೊಟ್ಟ. ಪ್ರತಿಯಾಗಿ ಒಂದೇ ಸಲ ಬಳಸಬಹುದಾದ ಶಕ್ತ್ಯಾಯುಧ ಪಡೆದ. ಅದನ್ನು ಅರ್ಜುನನಿಗೆಂದು ಕಾಯ್ದಿಟ್ಟ. ಕೊನೆಗೆ ರಾತ್ರಿಯ ಯುದ್ಧದಲ್ಲಿ ಘಟೋತ್ಕಚನ ಮೇಲೆ ಪ್ರಯೋಗಿಸಲೇಬೇಕಾಯಿತು. ಅವನ ದಾನದ ಹಿರಿಮೆ ಬೇರೆ ಮಾತು. ಲೆಕ್ಕದ ದೃಷ್ಟಿಯಿಂದ ನೋಡಿದರೆ, ದಿನವೂ ಕಾಯುವ ಶಾಶ್ವತ ರಕ್ಷಣೆ ಹೋಗಿ ಒಮ್ಮೆ ಮಾತ್ರ ಕೆಲಸಕ್ಕೆ ಬರುವ ಅಸ್ತ್ರ ಬಂತು. ಸ್ಕೈರಿಮ್‌ನಲ್ಲೂ ಹುಟ್ಟುಗವಚಗಳಿವೆ. ಬ್ರೆಟನ್ ಕುಲದವರಿಗೆ ಮಾಂತ್ರಿಕ ಏಟಿಗೆ ಶೇಕಡಾ 25 ತಡೆ ಜನ್ಮದಿಂದಲೇ ಇದೆ. ನಾರ್ಡ್ ಕುಲಕ್ಕೆ ಹಿಮದಿಂದ ಶೇಕಡಾ 50. ನಮ್ಮ ಹುಡುಗ ಆರಿಸಿಕೊಂಡಿದ್ದ ಆರ್ಕ್ ಕುಲಕ್ಕೆ ಅಂಥದೇನೂ ಇಲ್ಲ.

ನಮ್ಮ ಜಿಲ್ಲೆಯ ಕಥೆಯನ್ನೂ ಹೇಳಿಬಿಡುತ್ತೇನೆ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನ ವಶದಲ್ಲಿದ್ದ ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದ. ಆ ಕಾಲದ ವಿಜಯನಗರದ ಕುದುರೆ ಸವಾರರು ಹಸಿ ತೊಗಲಿನ ಪದರುಗಳಿಗೆ ಕಬ್ಬಿಣದ ಪಟ್ಟಿಗಳನ್ನು ಸೇರಿಸಿದ ದಪ್ಪ ಅಂಗಿಗಳನ್ನು ತೊಡುತ್ತಿದ್ದರೆಂದು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಬರೆದಿದ್ದಾನೆ. ರಾಯಚೂರಿನ ಮುತ್ತಿಗೆಯ ಕಥೆಯನ್ನು ಬರೆದಿಟ್ಟವನು ಕುದುರೆ ವ್ಯಾಪಾರಿ ಫರ್ನಾವೊ ನೂನಿಜ್. ಕೋಟೆಯೊಳಗಿನವರು ಗೋಡೆಯ ಮೇಲೆ ಭಯವಿಲ್ಲದೆ ಮೈ ತೋರಿಸಿ ನಿಲ್ಲುತ್ತಿದ್ದರಂತೆ. ರಾಯನ ಕಡೆಗೆ ಬಂದಿದ್ದ ಕ್ರಿಸ್ಟೊವಾವೊ ಡಿ ಫಿಗೆರೆಡೊ ಎಂಬ ಪೋರ್ಚುಗೀಸನೂ ಅವನ ಬಂದೂಕುಗಾರರೂ ಅವರನ್ನು ಕೆಳಗಿನಿಂದಲೇ ಹೊಡೆದುರುಳಿಸಿದರು. ಕೋಟೆಯ ಅಧಿಕಾರಿ ಬಗ್ಗಿ ನೋಡುವಾಗ ಹಣೆಗೆ ಗುಂಡು ತಗುಲಿ ಸತ್ತನೆಂದು ನೂನಿಜ್ ಹೇಳುತ್ತಾನೆ. ಗೋಡೆ ಗಟ್ಟಿಯಾಗಿಯೇ ಇತ್ತು, ಆದರೆ ಬಂದೂಕಿನ ಎದುರು ತಲೆ ತಗ್ಗಿಸಬೇಕೆಂಬುದು ಅವರಿಗೆ ಅಭ್ಯಾಸವಾಗಿರಲಿಲ್ಲ. ನಿನ್ನೆಯ ಏಟಿಗೆ ಕಟ್ಟಿಕೊಂಡ ರಕ್ಷಣೆ ಇಂದಿನ ಏಟಿಗೆ ಸಾಲದು. 640ರ ಕವಚ ತೊಟ್ಟು ಬೆಂಕಿಯಲ್ಲಿ ಬೇಯುತ್ತಿದ್ದ ನಮ್ಮ ವೀರನದೂ ಇದೇ ಪಾಡು.

ತಡೆದದ್ದನ್ನಲ್ಲ, ಒಳಬಂದದ್ದನ್ನು ಎಣಿಸು

ಹುಡುಗನಿಗೆ ಒಂದು ಹಾಳೆ ತರಲು ಹೇಳಿದೆ. “ಒಂದು ಬೆಂಕಿಯುಂಡೆ 100 ಏಟು ಕೊಡುತ್ತದೆ ಎಂದಿಟ್ಟುಕೋ. ನಿನಗೆ ಬೆಂಕಿತಡೆ ಶೇಕಡಾ 50 ಇದೆ, ಮಾಂತ್ರಿಕತಡೆಯೂ ಶೇಕಡಾ 50 ಇದೆ. ಎಷ್ಟು ಒಳಬರುತ್ತದೆ?”

“ಐವತ್ತು ಐವತ್ತು ನೂರು. ಏನೂ ಬರಂಗಿಲ್ರಿ.”

ಬಹುಪಾಲು ಮಕ್ಕಳು ಇಲ್ಲಿ ಎಡವುತ್ತಾರೆ. ದೊಡ್ಡವರೂ ಕೂಡ. ಈ ಎರಡು ತಡೆಗಳು ಕೂಡುವುದಿಲ್ಲ. ಒಂದು ಜರಡಿಯ ಕೆಳಗೆ ಇನ್ನೊಂದು ಜರಡಿ ಹಿಡಿದಂತೆ ಕೆಲಸ ಮಾಡುತ್ತವೆ. ಮೊದಲ ಜರಡಿ 100ರಲ್ಲಿ 50ನ್ನು ತಡೆಯಿತು, 50 ಕೆಳಗಿಳಿಯಿತು. ಎರಡನೆಯದು ಆ ಐವತ್ತರಲ್ಲಿ ಅರ್ಧ ತಡೆಯಿತು. ಒಳಬಂದದ್ದು 25. ಆಟ ಎರಡಕ್ಕೂ ಶೇಕಡಾ 85ರ ಎಲ್ಲೆ ಹಾಕಿದೆ. ಎರಡನ್ನೂ ಎಲ್ಲೆ ಮುಟ್ಟಿಸಿದರೆ 100ರಲ್ಲಿ 15, ಆ 15ರಲ್ಲಿ ಮತ್ತೆ ಶೇಕಡಾ 15, ಅಂದರೆ 2.25 ಮಾತ್ರ ಒಳಬರುತ್ತದೆ.

ಬಟ್ಟೆ ಅಂಗಡಿಯ ‘50 ರಿಯಾಯಿತಿ, ಅದರ ಮೇಲೆ ಮತ್ತೆ 50’ ಎಂಬ ಫಲಕದ ಗುಟ್ಟೂ ಇದೇ. ಬಟ್ಟೆ ಪುಕ್ಕಟೆ ಸಿಗುವುದಿಲ್ಲ. ಕಾಲುಭಾಗದ ಬೆಲೆಯನ್ನು ಕೊಡಲೇಬೇಕು.

ಇನ್ನೊಂದು ಸೋಜಿಗ. ಬೆಂಕಿತಡೆಯನ್ನು ಸೊನ್ನೆಯಿಂದ 10ಕ್ಕೆ ಏರಿಸಿದರೆ ಒಳಬರುವ ಏಟು 100ರಿಂದ 90ಕ್ಕೆ ಇಳಿಯುತ್ತದೆ. ಹತ್ತರಲ್ಲೊಂದು ಪಾಲು ಉಳಿತಾಯ. ಅದೇ 70ರಿಂದ 80ಕ್ಕೆ ಏರಿಸಿದರೆ 30ರಿಂದ 20ಕ್ಕೆ ಇಳಿಯುತ್ತದೆ. ಮೂರರಲ್ಲೊಂದು ಪಾಲು! ಹತ್ತು ಅಂಕ ಅವೇ, ಬೆಲೆ ಬೇರೆ. ಎಲ್ಲೆ ದಾಟಿದ ಮೇಲೆ ಅದೇ ಹತ್ತಕ್ಕೆ ಕವಡೆಯ ಬೆಲೆಯೂ ಇಲ್ಲ. ‘ಎಷ್ಟು ತಡೆದೆ’ ಎಂದು ಎಣಿಸುವವನಿಗೆ ಇದು ಕಾಣುವುದಿಲ್ಲ. ‘ಎಷ್ಟು ಒಳಬಂತು’ ಎಂದು ಎಣಿಸುವವನಿಗೆ ಕೂಡಲೇ ಕಾಣುತ್ತದೆ.

ಎರಡು ಮಣಿ, ಮೂರು ದಾರಿ

ಈಗ ನಿಜವಾದ ಇಕ್ಕಟ್ಟು. ಮಂತ್ರಿಸದ ಉಂಗುರ, ಸರ ಹುಡುಗನ ಬಳಿ ಇದ್ದವು. ದೊಡ್ಡ ಆತ್ಮಮಣಿ ಇದ್ದದ್ದು ಎರಡೇ. ಎರಡು ವಸ್ತು, ಎರಡು ಮಣಿ. ತಪ್ಪಿದರೆ ಹಿಂದಕ್ಕೆ ಬರುವಂತಿಲ್ಲ. ಯಾವ ಮಂತ್ರ ಹಾಕಬೇಕು?

ಒಂದೇ ಬಗೆಯ ಏಟನ್ನು ತಡೆಯುವ ಮಂತ್ರಕ್ಕೆ ಆಟ ಹೆಚ್ಚು ಅಂಕ ಕೊಡುತ್ತದೆ. ಎಲ್ಲ ಬಗೆಯನ್ನೂ ತಡೆಯುವುದಕ್ಕೆ ಕಡಿಮೆ. ಲೆಕ್ಕ ಸುಲಭವಾಗಲೆಂದು ಬೆಂಕಿತಡೆಗೆ 40, ಮಾಂತ್ರಿಕತಡೆಗೆ 20 ಎಂದು ಹಿಡಿದೆವು. ಹುಡುಗನೇ ಹಾಳೆಯ ಮೇಲೆ ಮೂರು ಸಾಲು ಬರೆದ.

ಎರಡಕ್ಕೂ ಬೆಂಕಿತಡೆ: 100 ಬೆಂಕಿಯಲ್ಲಿ ಒಳಬರುವುದು 20, ಆದರೆ ಹಿಮ 100, ಸಿಡಿಲು 100.

ಒಂದು ಬೆಂಕಿತಡೆ, ಒಂದು ಮಾಂತ್ರಿಕತಡೆ: ಬೆಂಕಿ 48, ಹಿಮ 80, ಸಿಡಿಲು 80.

ಎರಡಕ್ಕೂ ಮಾಂತ್ರಿಕತಡೆ: ಬೆಂಕಿ 60, ಹಿಮ 60, ಸಿಡಿಲು 60.

“ಮೊದಲನೇದ ಬೆಸ್ಟ್ ರೀ. ಇವ ಬೆಂಕಿ ಒಗ್ಯಾಂವ” ಎಂದ ಹುಡುಗ. ನಾನೂ ಹೌದೆನ್ನುವವನಿದ್ದೆ. ಆಗ ಅಷ್ಟೊತ್ತು ಸುಮ್ಮನಿದ್ದ ಭಾವ ಬಾಯಿ ಬಿಟ್ಟರು.

“ಇವ ಸತ್ತ ಮ್ಯಾಲ ಮುಂದ ಬರಾಂವ ಏನು ಒಗೀತಾನ?”

ಹುಡುಗ ತಲೆ ಕೆರೆದುಕೊಂಡ. “ಒಬ್ಬ ಹಿಮ ಒಗೀತಾನ, ಒಬ್ಬ ಸಿಡ್ಲು ಒಗೀತಾನ. ಹೇಳಾಕ ಬರಂಗಿಲ್ಲಪ್ಪ.”

“ಹಂಗಾದ್ರ ಬರೇ ಬೆಂಕಿಗಿ ಅಂತ ಎರಡೂ ಮಣಿ ಕಳದರ ಮುಂದ ಏನ ಮಾಡ್ತಿ? ನಾವು ಬಿ.ಟಿ. ಹತ್ತಿ ಹಾಕಿದಂಗ ಆತು.”

ಭಾವ ರೈತ. ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಬೇಸಾಯದ ಪುಸ್ತಕ ಬರೆದ ಘನಮಠದ ನಾಗಭೂಷಣ ಶಿವಯೋಗಿಗಳ ಊರಿನವರು. ಅವರು ಹೇಳಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಭಾರತದಲ್ಲಿ ಬಿ.ಟಿ. ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಹತ್ತಿಯ ಬೀಜಕ್ಕೆ ಸೇರಿಸಿದ್ದರಿಂದ ಗಿಡವೇ ಕಾಯಿಕೊರಕಕ್ಕೆ ವಿಷವಾಗುತ್ತದೆ. ಬೀಜದೊಳಗೇ ಕೂರಿಸಿದ ಮಂತ್ರವೆನ್ನಿ. ಆದರೆ ಅದು ತಡೆಯುವುದು ಕಾಯಿಕೊರಕಗಳ ಬಗೆಯನ್ನು ಮಾತ್ರ. ಹೇನು, ಜಿಗಿಹುಳು, ನುಸಿಯಂಥ ರಸ ಹೀರುವ ಕೀಟಗಳಿಗೆ ಅದರಿಂದ ಏನೂ ಆಗುವುದಿಲ್ಲ. ಅವಕ್ಕೆ ಬೇರೆ ಉಪಾಯವೇ ಬೇಕು. ಮುಂದೆ ಗುಲಾಬಿ ಕಾಯಿಕೊರಕವೂ ಆ ವಿಷವನ್ನು ಅರಗಿಸಿಕೊಳ್ಳುವುದನ್ನು ಕಲಿತಿತು.

“ಬೀಜದಾಗ ಇರೋದು ವರ್ಷಾ ಬೀಳೋ ಹುಳಕ್ಕ ಇರಬೇಕು” ಎಂದರು ಭಾವ. “ಎಂದರ ಒಮ್ಮೆ ಬೀಳೋ ಹುಳಕ್ಕ ಪಂಪ್ ತಗೊಂಡು ಹೊಡೀಬೇಕು. ನಿನ್ನ ಆಟದಾಗ ಪಂಪ್ ಇಲ್ಲೇನು?”

ಇತ್ತು! ಬೆಂಕಿಯನ್ನು ತಡೆಯುವ ಕಷಾಯದ ಸೀಸೆಗಳು ಆ ಆಟದಲ್ಲಿ ಸಿಗುತ್ತವೆ. ಕುಡಿದರೆ ಸ್ವಲ್ಪ ಹೊತ್ತು ಮಾತ್ರ ಕೆಲಸ ಮಾಡುತ್ತವೆ. ಹುಡುಗನ ಚೀಲದಲ್ಲೇ ಮೂರು ಬಿದ್ದಿದ್ದವು. ಅವನಿಗೆ ಅವುಗಳ ನೆನಪೇ ಇರಲಿಲ್ಲ.

ಮತ್ತೆ ಹಾಳೆ. ಕಷಾಯದ ತಡೆ 50 ಎನ್ನೋಣ. ಎರಡಕ್ಕೂ ಮಾಂತ್ರಿಕತಡೆ ಕೂರಿಸಿ ಮೇಲೆ ಕಷಾಯ ಕುಡಿದರೆ ಬೆಂಕಿ 60ರಿಂದ 30ಕ್ಕೆ ಇಳಿಯುತ್ತದೆ. ಹಿಮ, ಸಿಡಿಲುಗಳಿಂದ ರಕ್ಷಣೆಯೂ ಉಳಿಯುತ್ತದೆ. ಅದೇ ಎರಡಕ್ಕೂ ಬೆಂಕಿತಡೆ ಕೂರಿಸಿ 80 ಮಾಡಿಕೊಂಡವನು ಕಷಾಯ ಕುಡಿದರೆ? 80 ಮತ್ತು 50 ಸೇರಿ 130 ಆಗುವುದಿಲ್ಲ, 85ಕ್ಕೆ ನಿಲ್ಲುತ್ತದೆ. ಒಂದು ಸೀಸೆಗೆ ಐದೇ ಅಂಕ ಲಾಭ.

ಶಾಶ್ವತವಾದ ಜಾಗಕ್ಕೆ ನಿತ್ಯದ ಏಟನ್ನು ತಡೆಯುವಂಥದು. ಅಪರೂಪದ ಏಟಿಗೆ ಆ ಹೊತ್ತಿನ ಕಷಾಯ. ನಾನು ಹಾಳೆ ಪೆನ್ಸಿಲು ಹಿಡಿದು ಕೂತಿದ್ದೆ. ತೀರ್ಪು ಕೊಟ್ಟವರು ಕಂಪ್ಯೂಟರನ್ನು ಮಾರುತ್ತೇನೆಂದಿದ್ದ ಭಾವ.

ಹುಡುಗ ಉಂಗುರ, ಸರಗಳನ್ನು ಮಂತ್ರಿಸಿದ. ಮೊದಲ ಸಲ ಕಷಾಯ ಕುಡಿಯುವುದನ್ನು ಮರೆತು ಸೋತ. ಎರಡನೇ ಸಲ ಅವಸರ ಮಾಡಿ ಸೋತ. ಮೂರನೇ ಸಲ ಮುಖವಾಡ ಉರುಳಿತು. ಭಾವ ಏನೂ ಹೇಳಲಿಲ್ಲ. ಹೆಗಲ ಮೇಲಿನ ಟವೆಲ್ಲು ಕೊಡವಿ ಹೊರಗೆ ಹೋದರು.

ಪಾಲಕರಿಗೆ ಎರಡು ಮಾತು

ಆಟವೆಲ್ಲ ಪಾಠವೆಂದು ನಾನು ಹೇಳಲಾರೆ. ನಾಲ್ಕು ತಾಸು ಕೂತರೆ ನಾಲ್ಕು ತಾಸು ಹೋದವೇ. ಸ್ಕೈರಿಮ್‌ಗೆ ಅಮೆರಿಕದಲ್ಲಿ ‘17 ವರ್ಷ ಮೇಲ್ಪಟ್ಟವರಿಗೆ’ ಎಂಬ ಗುರುತಿದೆ. ರಕ್ತಪಾತವಿರುವ ಆಟವದು, ಪ್ರಾಥಮಿಕ ಶಾಲೆಯ ಮಕ್ಕಳಿಗಲ್ಲ. ಚಿಕ್ಕ ಮಕ್ಕಳು ಹೆಚ್ಚಾಗಿ ಆಡುವ ‘ಮೈನ್‌ಕ್ರಾಫ್ಟ್’ನಲ್ಲೂ ಇದೇ ಪ್ರಶ್ನೆ ಸರಳವಾಗಿ ಬರುತ್ತದೆ. ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯಲ್ಲಿ ಎಲ್ಲ ಏಟಿಗೂ ಸಲ್ಲುವ ರಕ್ಷಾಮಂತ್ರ ಒಂದು ಹಂತಕ್ಕೆ ಶೇಕಡಾ 4 ತಡೆಯುತ್ತದೆ. ಬೆಂಕಿಗೆಂದೇ ಇರುವುದು ಶೇಕಡಾ 8. ಒಂದೇ ಉಡುಪಿನ ಮೇಲೆ ಎರಡನ್ನೂ ಕೂರಿಸಲು ಸಾಮಾನ್ಯವಾಗಿ ಬರುವುದಿಲ್ಲ. ನಿಮ್ಮ ಮಗಳು ಅದನ್ನು ಆಡುತ್ತಿದ್ದರೆ ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆ ಕೇಳಿ: “ಇದನ್ನೇ ಯಾಕೆ ಹಾಕಿದೆ?”

“ಎಲ್ಲರೂ ಹಾಕುತ್ತಾರೆ” ಎಂದರೆ ಅವಳು ಇನ್ನೂ ವಿಚಾರ ಮಾಡುತ್ತಿಲ್ಲ. “ನಾನು ಹೋಗುವ ಜಾಗದಲ್ಲಿ ಬೆಂಕಿ ಹೆಚ್ಚು, ಅದಕ್ಕೆ” ಎಂದರೆ ಶುರುವಾಗಿದೆ. ಮೂರು ದಾರಿಗಳನ್ನು ಹಾಳೆಯ ಮೇಲೆ ಬರೆದು ತೋರಿಸಿದರೆ ಅವಳಿಂದ ನೀವೇ ಏನಾದರೂ ಕಲಿಯಬಹುದು. ವಿದ್ಯಾರ್ಥಿಗಳಿಗೂ ಒಂದು ಮಾತು: ವಿಚಾರ ಮಾಡುತ್ತಿದ್ದೇನೆ ಎಂದು ಹೇಳಿದರೆ ಸಾಲದು, ಆ ಹಾಳೆಯನ್ನು ತೋರಿಸಬೇಕು.

ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಬಡಿಸುತ್ತಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ತಿಳಿಯಿತು. “ತುಂಬಿದ್ದಕ್ಕ ಮತ್ತ ತುಂಬಬಾರದು ಅಂದ್ರಿ ಹೌದಿಲ್ಲೊ? ಇವ ದಿನಾ ಬೆಳಿಗ್ಗೆದ್ದು ಜೀವಶಾಸ್ತ್ರನ ಓದ್ತಾನ. ಅದರಾಗ ತೊಂಬತ್ತರ ಮ್ಯಾಲ ಅದಾವ. ಗಣಿತದಾಗ ಎಷ್ಟು ಸೋರಾಕತ್ತೈತಿ ಕೇಳು.” ಹುಡುಗ ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿದ. ಬೆಳಗಿನ ಜಾಗ ಗಣಿತಕ್ಕೆ, ಆಟಕ್ಕೆ ಭಾನುವಾರದ ಎರಡು ತಾಸು ಎಂದು ಅಲ್ಲೇ ಒಪ್ಪಂದವಾಯಿತು. ಕಂಪ್ಯೂಟರ್ ಮಾರುವ ಮಾತು ಅಂದು ಏಳಲಿಲ್ಲ. ಮಾರುವುದಿಲ್ಲವೆಂದೂ ಭಾವ ಹೇಳಲಿಲ್ಲ.

ತಿಂಗಳ ಮೇಲೆ ಅವರ ಫೋನು ಬಂತು. ಹತ್ತಿಗೆ ಹೇನು ಬಿದ್ದು ಅಂಗಡಿಯಿಂದ ಎರಡು ಬಗೆಯ ಔಷಧಿ ತಂದಿದ್ದರಂತೆ. ಒಂದರ ಜೊತೆ ಇನ್ನೊಂದನ್ನು ಬೆರೆಸಿ ಹೊಡೆದರೆ ಬಲ ಹೆಚ್ಚೆಂದು ಅಂಗಡಿಯವನ ಸಲಹೆ. ಮಗ ಎರಡೂ ಡಬ್ಬಿಯ ಚೀಟಿಯ ಸಣ್ಣ ಅಕ್ಷರ ಓದಿದ. ಹೆಸರು ಬೇರೆ, ಬಣ್ಣ ಬೇರೆ. ಒಳಗಿದ್ದದ್ದು ಎರಡರಲ್ಲೂ ಇಮಿಡಾಕ್ಲೋಪ್ರಿಡ್ ಒಂದೇ.

“ಅಪ್ಪಾ, ಇದು ಒಂದ ಮಂತ್ರ ಎರಡ ಸರ್ತಿ ಹಾಕಿದಂಗ ಅಂದ ನೋಡಪಾ. ಒಂದು ಡಬ್ಬಿ ತಿರುಗಿ ಕೊಟ್ಟು ರೊಕ್ಕ ಇಸಗೊಂಡು ಬಂದೆ” ಎಂದರು ಭಾವ. ಸ್ವಲ್ಪ ತಡೆದು, ದನಿ ತಗ್ಗಿಸಿ ಸೇರಿಸಿದರು: “ಪೆಟ್ಟಿಗಿ ಇರಲಿ ಬಿಡು.”